ಹೆಪ್ಪು ಯಾರ ಮನೆಯದು

ನಮ್ಮೂರಲ್ಲಿ ಮಗುವಿಗೆ ಹೆಸರಿಡುವ ಮುಂಚೆ ಜಾತಕ ನೋಡುವುದಿಲ್ಲ, ಬಾಗಿಲ ಹಲಗೆ ನೋಡುತ್ತಾರೆ. ಹಲಗೆ ಕಪ್ಪಗಿದ್ದರೆ ತೊಟ್ಟಿಲು ಕಟ್ಟಬಹುದು. ಕೆಂಪಗಿದ್ದರೆ ಕಟ್ಟುವ ಹಾಗಿಲ್ಲ. ಹಟಕ್ಕೆ ಕಟ್ಟಿ ಹೆಸರು ಕರೆದರೂ ಅದು ಮಗುವಿಗೆ ಅಂಟುವುದಿಲ್ಲ. ಎಣ್ಣೆ ಹಚ್ಚಿದ ಮೈಯಿಂದ ನೀರು ಜಾರಿದ ಹಾಗೆ ಸಂಜೆಯೊಳಗೆ ಜಾರಿಹೋಗಿ, ಕರೆದವರಿಗೇ ಮರೆತುಬಿಡುತ್ತದೆ. ಗಾಡಿ ಮಾಡುವ ಬಡಗಿಯ ಮಗನಿಗೆ ಹಾಗೇ ಆಯಿತು. ಅವನ ಮೀಸೆ ಈಗ ನರೆತಿದೆ, ಮೊಮ್ಮಕ್ಕಳಿದ್ದಾರೆ, ಊರು ಇನ್ನೂ ಅವನನ್ನು ಏಯ್ ಎಂದೇ ಕರೆಯುತ್ತದೆ. ಬೇರೆ ಯಾರನ್ನಾದರೂ ಏಯ್ ಎಂದರೆ ಅದಕ್ಕೂ ಅವನೇ ಓಗೊಡುತ್ತಾನೆ, ಪಾಪ.

ಹಲಗೆ ಅಂದರೆ ಹೊಸ್ತಿಲ ಬಲಕ್ಕೆ ಗೋಡೆಯೊಳಗೆ ಕೂರಿಸಿದ ನುಣುಪು ಕಲ್ಲು. ಯಾವ ಮನೆಯಿಂದ ಏನನ್ನು ತರುತ್ತೇವೆ ಎಂದು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದಿರಬೇಕು. ಬರೆಯದೆ ತಂದದ್ದು ಮನೆಯಲ್ಲಿ ನಿಲ್ಲುವುದಿಲ್ಲ. ಉಪ್ಪು ನೀರಾಗುತ್ತದೆ, ಕೆಂಡ ಆರುತ್ತದೆ, ಕಲಿತ ಹಾಡು ನಡುವೆಯೇ ಕೈಕೊಡುತ್ತದೆ. ಬರೆಯುವ ಭಾಷೆಗೆ ಶಾಲೆಯಲ್ಲಿ ಪೈಥಾನ್ ಎಂದು ಹೆಸರು. ನಮ್ಮಜ್ಜಿ ಅದನ್ನು ಹೆಬ್ಬಾವಿನ ಮಾತು ಎನ್ನುತ್ತಾಳೆ. ಊರಿನ ಅಡಿಯಲ್ಲಿ ಒಂದು ಹೆಬ್ಬಾವು ಮಲಗಿದೆಯಂತೆ. ಬೆಳಗಾದರೆ ಬಾಯಿ ತೆರೆದು ಎಲ್ಲ ಹಲಗೆಗಳ ಬರಹವನ್ನೂ ನುಂಗುತ್ತದಂತೆ. ನುಂಗಿದ್ದೆಲ್ಲ ಮನೆಮನೆಯಲ್ಲಿ ನಿಜವಾಗುತ್ತದಂತೆ. ಆದರೆ ಅದಕ್ಕೆ ನಾಲಿಗೆಯ ಮೇಲೆ ಹಿಡಿತವಿಲ್ಲ. ಕಲ್ಲು ಬರೆದರೂ ನುಂಗುತ್ತದೆ, ಮುಳ್ಳು ಬರೆದರೂ ನುಂಗುತ್ತದೆ, ಆಮೇಲೆ ಹೊಟ್ಟೆನೋವೆಂದು ಹೊರಳಾಡುತ್ತದೆ. ಅದಕ್ಕೇ ಅದರ ಹೆಂಡತಿ ಗಂಡ ಏಳುವ ಮುಂಚೆ ಬೀದಿ ಬೀದಿ ಸುತ್ತಿ ಹಲಗೆಗಳನ್ನು ಓದುತ್ತಾಳೆ. ಸರಿಕಾಣದ ಕಡೆ ನಾಲಿಗೆ ತಾಗಿಸುತ್ತಾಳೆ. ಅಲ್ಲಿ ಹಲಗೆ ಕೆಂಪಾಗುತ್ತದೆ. ಹೆಬ್ಬಾವಿಗೆ ಹೆಂಡತಿ ಎಲ್ಲಿಂದ ಬಂದಳು ಎಂದು ಅಮ್ಮ ರೇಗುತ್ತಿದ್ದಳು. ನಾನು ಮಾತ್ರ ಈಗಲೂ ನಸುಕಿನಲ್ಲಿ ಎಚ್ಚರವಾದರೆ ಹೊರಗೋಡೆಗೆ ಏನೋ ಉಜ್ಜಿಕೊಂಡು ಹೋದ ಸದ್ದು ಕೇಳಿದಂತಾಗಿ ಹೊದಿಕೆ ಎಳೆದುಕೊಳ್ಳುತ್ತೇನೆ.

ಅಕ್ಕ ನೀಲವೇಣಿ ಬಾಣಂತನಕ್ಕೆ ಬಂದಿದ್ದ ವರ್ಷ ಅದು. ಹೆಣ್ಣುಮಗು. ಬರುವ ಶುಕ್ರವಾರ ಹೆಸರಿಡುವುದೆಂದು ಬೀಗರೊಂದಿಗೆ ಮಾತಾಗಿತ್ತು. ನಮ್ಮಲ್ಲಿ ತವರುಮನೆಯಲ್ಲಿ ಹೆಪ್ಪು ಹಾಕಿದ ಮೊಸರನ್ನು ಬೆರಳಲ್ಲಿ ಅದ್ದಿ ಮಗುವಿನ ನಾಲಿಗೆಗೆ ಸೋಕಿಸಿ, ತಂದೆಯ ತಾಯಿ ಕಿವಿಯಲ್ಲಿ ಹೆಸರು ಕರೆಯಬೇಕು. ಅದಕ್ಕಾಗಿ ಅಮ್ಮ ಹಾಲಿನ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬೆಳಗುತ್ತಿದ್ದಳು. ಆ ಸೋಮವಾರ ಬೆಳಿಗ್ಗೆ ನಾನು ರಂಗೋಲಿ ಬಿಡಲು ಬಾಗಿಲು ತೆಗೆದೆ. ನಮ್ಮ ಹಲಗೆ ಕುಂಕುಮ ಚೆಲ್ಲಿದ ಹಾಗೆ ಕೆಂಪಗಿತ್ತು.

ಎದುರುಮನೆಯದೂ ಕೆಂಪು. ಅದರ ಪಕ್ಕದ್ದೂ ಕೆಂಪು. ಅರ್ಧ ಬೀದಿ ದಾಸವಾಳದ ಬೇಲಿಯಂತೆ ನಿಂತಿತ್ತು. ಜನ ಪೊರಕೆ ಹಿಡಿದೋ ಹಲ್ಲುಜ್ಜುವ ಕಡ್ಡಿ ಕಚ್ಚಿಯೋ ತಂತಮ್ಮ ಬಾಗಿಲಲ್ಲಿ ನಿಂತು, ನಿನ್ನೆ ಬರೆದದ್ದನ್ನೇ ಇವತ್ತು ಹೊಸದಾಗಿ ಓದುತ್ತಿದ್ದರು. ಯಾರೂ ಒಂದಕ್ಷರ ಬದಲಿಸಿರಲಿಲ್ಲ. ನಮ್ಮ ಹಲಗೆಯ ಸಾಲುಗಳಲ್ಲಿ ಕೆಂಪು ಒಸರುತ್ತಿದ್ದದ್ದು ಒಂದರಿಂದ ಮಾತ್ರ. ಫ್ರಮ್ ತಿಮ್ಮಕ್ಕ ಇಂಪೋರ್ಟ್ ಹೆಪ್ಪು, ಅಂದರೆ ತಿಮ್ಮಕ್ಕನ ಮನೆಯಿಂದ ಹೆಪ್ಪು ತರುತ್ತೇವೆ ಎಂದು. ನನ್ನ ಅಕ್ಷರ ದುಂಡಗಿದೆ ಎಂದು ಹಲಗೆ ಬರೆಯುವ ಕೆಲಸ ನನ್ನದು, ಆ ಸಾಲೂ ನನ್ನದೇ. ಅದರ ಕೆಳಗೆ ನಾನು ಬರೆಯದ ಒಂದು ಸಣ್ಣ ಸಾಲು ಮೂಡಿತ್ತು. ತಿಮ್ಮಕ್ಕನ ಮನೆ ಹೆಪ್ಪನ್ನು ಹೊರಗೆ ಕೊಡುವುದಾಗಿ ಬಾಯಿಬಿಟ್ಟು ಹೇಳಿಲ್ಲ.

ಇದೇನು ಮಾತೆಂದು ತಿಳಿಯಲಿಲ್ಲ. ತಿಮ್ಮಕ್ಕ ನಮ್ಮ ಪಕ್ಕದ ಮನೆಯಾಕೆ. ಹೇಳಿದಳೋ ಬಿಟ್ಟಳೋ, ನಾನು ಲಂಗ ಹಾಕುವ ಕಾಲದಿಂದ ನಮಗೆ ಹೆಪ್ಪು ಕೊಡುತ್ತಲೇ ಇದ್ದಾಳೆ. ಬಟ್ಟಲು ಚಾಚಿದರೆ ಒಂದು ಚಮಚ ಮೊಸರು. ಉಗುರುಬೆಚ್ಚಗಿನ ಹಾಲಿಗೆ ಬಿಟ್ಟರೆ ಬೆಳಿಗ್ಗೆಗೆ ಪಾತ್ರೆ ತುಂಬ ಮೊಸರು. ತಿಮ್ಮಕ್ಕನ ಹೆಪ್ಪು ಎಂದರೆ ಬೀದಿಗೆಲ್ಲ ಹೆಸರು. ಚಾಕುವಿನಲ್ಲಿ ಕೊಯ್ಯಬಹುದಾದಂಥ ಮೊಸರು. ಇನ್ನೂ ವಿಚಿತ್ರವೆಂದರೆ ಒಳಗೆ ಹೋಗಿ ನೋಡಿದರೆ ಆವತ್ತಿನ ಮೊಸರೂ ಹಾಗೇ ಗಟ್ಟಿಯಾಗಿ ಕೂತಿತ್ತು. ಕೆಂಪು ಹಲಗೆ, ಗಟ್ಟಿ ಮೊಸರು. ತಪ್ಪಿದ್ದರೆ ಹಾಲು ಒಡೆಯಬೇಕಿತ್ತು, ಒಡೆಯದಿದ್ದರೆ ಹಲಗೆ ಕಪ್ಪಗಿರಬೇಕಿತ್ತು ಎಂದು ಅಮ್ಮ ಪಾತ್ರೆಯನ್ನೂ ಬಾಗಿಲನ್ನೂ ಸರದಿಯಂತೆ ನೋಡಿದಳು. ಗಂಡ ನುಂಗಿದ್ದಾನೆ, ಹೆಂಡತಿ ಬೇಡ ಅಂದಿದ್ದಾಳೆ, ಯಾವ ಮನೆಯಲ್ಲಿ ಇಲ್ಲದ್ದು ಇದು ಎಂದು ಅಜ್ಜಿ ಮೂಲೆಯಿಂದ ಹೇಳಿದಳು.

ಮಧ್ಯಾಹ್ನದ ಹೊತ್ತಿಗೆ ಬೀದಿಯವರು ಒಬ್ಬರ ಹಲಗೆಗೆ ಇನ್ನೊಬ್ಬರದನ್ನು ಹೋಲಿಸಿ ಹೋಲಿಸಿ ವಿಷಯವನ್ನು ಇಷ್ಟಕ್ಕೆ ತಂದರು. ಇನ್ನು ಮೇಲೆ ಇಸಕೊಂಡದ್ದು ಇಸಕೊಂಡವರ ಮನೆಗಷ್ಟೇ. ಅವರು ಉಣ್ಣಬಹುದು, ಮುಂದಿನ ಮನೆಗೆ ದಾಟಿಸುವ ಹಾಗಿಲ್ಲ. ಮುಂದಿನ ಮನೆಗೆ ಬೇಕಾದರೆ ಅದನ್ನು ಮಾಡುವ ಮೂಲದ ಮನೆಗೇ ಹೋಗಿ ತರಬೇಕು. ಇಲ್ಲವೇ ನಡುವಿನ ಮನೆಯವರು ಇದನ್ನು ಇಂಥವರಿಂದ ತರುತ್ತೇನೆ, ತಂದು ಕೊಡುತ್ತೇನೆ ಎಂದು ತಮ್ಮ ಹಲಗೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಬರೆಯಲು ಕಷ್ಟವೇನಿಲ್ಲ, ಸಾಲಿನ ಕೊನೆಗೆ ಎರಡು ಮಾತು: ಆಸ್ ಹೆಪ್ಪು. ಹೆಪ್ಪನ್ನು ಹೆಪ್ಪಾಗಿಯೇ ಕೊಡುತ್ತೇನೆ ಎಂದು ಅರ್ಥ. ಈ ಕಟ್ಟು ಮೊದಲು ಏಕಿರಲಿಲ್ಲ, ಈಗ ಏಕೆ ಬಂತು, ಯಾರು ತಂದರು ಎಂದು ಕೇಳಿದವರಿದ್ದರು. ಹೇಳುವವರಿರಲಿಲ್ಲ.

ಎದುರುಮನೆಯ ಕಾಫಿಪುಡಿ ವೀರಭದ್ರಣ್ಣ ಈ ಗೋಜೇ ಬೇಡವೆಂದು ತನ್ನ ಕೆಂಪು ಸಾಲಿನ ಪಕ್ಕದಲ್ಲಿ ನೋಡಬೇಡ ಎಂದು ಬರೆದ. ಹಲಗೆ ಕ್ಷಣದಲ್ಲಿ ಕಪ್ಪಾಯಿತು. ಅವನು ಮೀಸೆ ತಿರುವಿಕೊಂಡು ಒಳಗೆ ಹೋದ. ಅದನ್ನು ಕಂಡು ಇನ್ನೂ ಎಷ್ಟೋ ಮನೆಯವರು ಹಾಗೇ ಬರೆದರು. ನಾನೂ ಸೀಮೆಸುಣ್ಣ ಎತ್ತಿಕೊಂಡೆ. ಅಜ್ಜಿ ಕೈ ಹಿಡಿದಳು. ನೋಡಬೇಡ ಅಂತ ಬರೆದ ಮನೆಯಲ್ಲಿ ಹೆಸರಿಟ್ಟರೆ ಆ ಕೂಸನ್ನು ಬೆಳೆದ ಮೇಲೆ ಯಾರೂ ನೋಡುವುದಿಲ್ಲ, ನಡುಮನೆಯಲ್ಲಿ ಕೂತಿದ್ದರೂ ದಾಟಿಕೊಂಡು ಹೋಗುತ್ತಾರೆ ಎಂದಳು. ಇದು ಅವಳ ಕಥೆಯೋ ಊರಿನ ಕಟ್ಟೋ ನನಗೆ ತಿಳಿಯದು. ಅವಳು ಹೇಳುವುದರಲ್ಲಿ ಎರಡೂ ಬೆಸೆದುಕೊಂಡಿರುತ್ತವೆ. ಅಕ್ಕ ಮಾತ್ರ ಕೂಸನ್ನು ಸೆರಗಿನೊಳಗೆ ಎಳೆದುಕೊಂಡು, ನನ್ನ ಕಡೆ ತಿರುಗಿ, ಪಾರಿ, ಅದು ಬೇಡ ಅಂದಳು.

ಉಳಿದ ದಾರಿ ತಿಮ್ಮಕ್ಕ. ಅವಳ ಹಲಗೆಯ ಮೇಲೆ ಯಾವಾಗಲೂ ಒಂದು ಮೊರ ನೇತಾಡುತ್ತಿರುತ್ತದೆ. ಮೊರ ತೂಗುಹಾಕಲು ಅವಳಿಗೆ ಬೇರೆ ಮೊಳೆ ಇಲ್ಲವೇನೋ ಎಂದುಕೊಂಡೇ ನಾವೆಲ್ಲ ಬೆಳೆದಿದ್ದೆವು. ಅಮ್ಮ ನನ್ನನ್ನು ಕರೆದುಕೊಂಡು ಹೋಗಿ, ಕೂಸಿನ ಹೆಸರಿಡುವ ಕೆಲಸ ನಿಂತಿದೆ, ನೀವು ಎರಡು ಮಾತು ಬರೆದರೆ ಆಯಿತು ಎಂದು ಕೇಳಿಕೊಂಡಳು. ತಿಮ್ಮಕ್ಕ ಉಬ್ಬಿದಳು. ನಿಮ್ಮ ಕೂಸು ನನ್ನ ಕೂಸಲ್ಲವಾ ಅಂದಳು. ಆದರೆ ಮೊರ ತೆಗೆಯಲು ಕೈ ಏಳುತ್ತಿರಲಿಲ್ಲ. ಕೊನೆಗೆ ನಮ್ಮಿಬ್ಬರನ್ನು ಮಾತ್ರ ಹತ್ತಿರ ಕರೆದು, ಸೆರಗು ಅಡ್ಡ ಹಿಡಿದು, ಮೊರ ಸರಿಸಿದಳು. ಫ್ರಮ್ ಮೌಲಾಬಿ ಇಂಪೋರ್ಟ್ ಹೆಪ್ಪು ಎಂದಿತ್ತು. ಸಂತೆಬೀದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಮೌಲಾಬಿ. ಅದೂ ಕೆಂಪು.

ಹಾಗಾದರೆ ತಿಮ್ಮಕ್ಕನ ಹೆಪ್ಪು ತಿಮ್ಮಕ್ಕನದಲ್ಲ. ಅಮ್ಮ ಆ ಸಾಲನ್ನು ಎರಡೆರಡು ಸಲ ಓದಿದ್ದು ತಿಮ್ಮಕ್ಕನಿಗೆ ಚುಚ್ಚಿತು. ಜಾಕೀಟು ಹೊಲಿಸಲು ಹೋದಾಗ ಒಮ್ಮೆ ಸುಮ್ಮನೆ ಇಸಕೊಂಡದ್ದು, ಆಮೇಲೆ ಕೆಟ್ಟಾಗ ಕೆಟ್ಟಾಗ ಅಲ್ಲಿಂದಲೇ ತಂದದ್ದು, ಇಷ್ಟು ವರ್ಷ ಹಾಲು ಕಾಯಿಸಿದವಳು ನಾನು ತಾನೆ ಎಂದೆಲ್ಲ ತಾನಾಗಿಯೇ ಹೇಳಿಕೊಂಡಳು. ಆಮೇಲೆ ಒಂದು ಉಪಾಯ ಹೊಳೆದು ಸೀಮೆಸುಣ್ಣ ಇಸಕೊಂಡು, ಮೌಲಾಬಿಯಿಂದ ತಂದ ಹೆಪ್ಪನ್ನು ತಿಮ್ಮಕ್ಕನ ಹೆಪ್ಪಾಗಿ ಕೊಡುತ್ತೇನೆ ಎಂಬರ್ಥದ ಸಾಲು ಬರೆದಳು. ಹಲಗೆ ಮೊದಲಿಗಿಂತ ಕೆಂಪಾಯಿತು. ಕೆಳಗೆ ಸಣ್ಣಕ್ಷರ ಮೂಡಿತು. ಹೆಸರು ಬದಲಿಸಿ ತಂದದ್ದು ನಿನ್ನ ಮನೆಗಷ್ಟೇ. ತಿಮ್ಮಕ್ಕ ಅಂಗೈಯಿಂದ ಅದನ್ನು ಒರೆಸಿದಳು, ಅದು ಮತ್ತೆ ಮೂಡಿತು. ಅಳುವ ಹಾಗೆ ಮಾಡಿ, ಕಡೆಗೆ ಇದ್ದದ್ದನ್ನು ಇದ್ದ ಹೆಸರಿನಲ್ಲೇ ಬರೆದಳು. ಆಗ ಬೇರೆ ಮಾತು ಬಂತು. ಮೌಲಾಬಿಯ ಮನೆ ಹೆಪ್ಪನ್ನು ಹೊರಗೆ ಕೊಡುವುದಾಗಿ ಬಾಯಿಬಿಟ್ಟು ಹೇಳಿಲ್ಲ.

ಮಾರನೆಯ ದಿನ ಬಟ್ಟಲು ಹಿಡಿದು ನಾನೇ ಸಂತೆಬೀದಿಗೆ ಹೋದೆ. ಮೌಲಾಬಿ ಯಂತ್ರ ತುಳಿಯುತ್ತಲೇ ನನ್ನ ಮಾತೆಲ್ಲ ಕೇಳಿದಳು. ಅವಳ ಹಲಗೆ ಕಪ್ಪಗಿತ್ತು, ಮೇಲೆ ಮೊರಗಿರ ಏನೂ ಇರಲಿಲ್ಲ. ಫ್ರಮ್ ಹುಲಿಗೆವ್ವ ಇಂಪೋರ್ಟ್ ಹೆಪ್ಪು ಎಂದು ದೊಡ್ಡದಾಗಿ ಬರೆದಿತ್ತು. ಗೋಡೆಗೆ ಸುಣ್ಣ ಬೇಕೆಂದು ಊರಾಚೆಯ ಸುಣ್ಣದ ಭಟ್ಟಿಗೆ ಹೋಗಿದ್ದಳಂತೆ. ಬಿಸಿಲಿಗೆ ತಲೆ ಸುತ್ತಿ ಕೂತವಳಿಗೆ ಭಟ್ಟಿಯ ಹುಲಿಗೆವ್ವ ಮಜ್ಜಿಗೆ ಕೊಟ್ಟಳಂತೆ. ಅದರ ರುಚಿಗೆ ಸೋತು ಹೆಪ್ಪು ಕೇಳಿದಳಂತೆ. ಆ ಹೆಪ್ಪನ್ನು ತಿಮ್ಮಕ್ಕನಿಗೆ ಒಂದು ಚಮಚ ಕೊಟ್ಟದ್ದು ನಿಜ, ತಿಮ್ಮಕ್ಕ ಬೀದಿಗೆಲ್ಲ ಹಂಚಿದ್ದು ತನಗೆ ಗೊತ್ತೇ ಇಲ್ಲ ಅಂದಳು. ನಾನು ಎರಡು ಮಾತು ಸೇರಿಸಿ ಎಂದು ಕೇಳಿದೆ. ಮೌಲಾಬಿ ಯಂತ್ರ ನಿಲ್ಲಿಸಿದಳು.

"ಅಲ್ಲ ಬೇಟಿ, ಅವಳು ನನಗೆ ಉಣ್ಣಾಕೆ ಕೊಟ್ಟಿದ್ದು. ಕೊಡಾಕೆ ಕೊಟ್ಟಿದ್ದಲ್ಲ. ಅವಳನ್ನ ಕೇಳದೆ ನಾನು ಹೆಂಗೆ ಬರೀಲಿ? ನೀನೇ ಹೋಗು, ದಾರಿ ಬೆಳ್ಳಗೈತೆ, ತಪ್ಪಲ್ಲ."

ಮನೆಗೆ ಬಂದು ಹುಲಿಗೆವ್ವ ಎಂಬ ಹೆಸರು ಹೇಳಿದ್ದೇ ತಡ, ಗೋಡೆಯಾಚೆಯಿಂದ ಕೇಳಿಸಿಕೊಳ್ಳುತ್ತಿದ್ದ ತಿಮ್ಮಕ್ಕ ಬಚ್ಚಲಿಗೆ ಓಡಿ ಬಾಯಿ ಮುಕ್ಕಳಿಸಿದಳು. ಇಪ್ಪತ್ತು ವರ್ಷ ಉಂಡ ಮೊಸರು ಒಂದು ಚೊಂಬು ನೀರಿಗೆ ಹೋಗುತ್ತದೆಯೇ ಎಂದು ಅಜ್ಜಿ ಕೂತಲ್ಲಿಂದಲೇ ಕೇಳಿದಳು. ತಿಮ್ಮಕ್ಕ ತನ್ನ ಹಲಗೆಯಿಂದ ಹೆಪ್ಪಿನ ಸಾಲನ್ನೇ ಒರೆಸಿಹಾಕಿ, ಇನ್ನು ನಮ್ಮನೆಯಲ್ಲಿ ಮೊಸರೇ ಬೇಡ, ಸಾರು ಸಾಕು ಎಂದು ಕದ ಹಾಕಿಕೊಂಡಳು. ಸುಣ್ಣದ ಭಟ್ಟಿಯವರು ನಮ್ಮ ಬೀದಿಗೆ ಸುಣ್ಣ ತರುತ್ತಾರೆ, ಅಂಗಳದ ಮೂಲೆಯಲ್ಲಿ ಸುರಿದು ಹೋಗುತ್ತಾರೆ. ಅವರಿಗೆ ನೀರು ಬೇಕಾದರೆ ಬೊಗಸೆಗೆ ಮೇಲಿಂದ ಹುಯ್ಯುತ್ತೇವೆ. ಇದನ್ನು ತಪ್ಪೆಂದಾಗಲಿ ಸರಿಯೆಂದಾಗಲಿ ಅಮ್ಮ ಯಾವತ್ತೂ ಯೋಚಿಸಿದವಳಲ್ಲ. ಈಗ ಯೋಚಿಸಬೇಕಾಗಿ ಬಂದು, ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಬೆಳಗಿದ ಪಾತ್ರೆಯನ್ನೇ ಮತ್ತೆ ಬೆಳಗಿದಳು. ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅಕ್ಕ ಕಣ್ಣಲ್ಲೇ ಹೋಗು ಅಂದಳು.

ಭಟ್ಟಿಯ ದಾರಿ ನಿಜವಾಗಿಯೂ ಬಿಳಿ. ಮುಂದೆ ಹೋದಂತೆ ಬೇಲಿ ಬಿಳಿ, ಎಕ್ಕದ ಗಿಡ ಬಿಳಿ, ಅದರ ಮೇಲೆ ಕೂತ ಕಾಗೆಯೂ ಬಿಳಿ. ಅಜ್ಜಿಯ ಕಥೆಯ ಯಾವ ಸೀಮೆಗೆ ಬಂದುಬಿಟ್ಟೆನೋ ಎಂದು ದಿಗಿಲಾಗಿ ನನ್ನ ಕೈ ನೋಡಿಕೊಂಡೆ, ಅದೂ ಬೆಳ್ಳಗಾಗುತ್ತಿತ್ತು. ಹುಲಿಗೆವ್ವ ಸುಟ್ಟ ಕಲ್ಲಿಗೆ ನೀರು ಚಿಮುಕಿಸುತ್ತಿದ್ದಳು. ಕಲ್ಲು ಬುಸ್ಸೆಂದು ಹೊಗೆಯಾಡಿ ಹಿಟ್ಟಾಗುತ್ತಿತ್ತು. ಅಮ್ಮನಿಗಿಂತ ದೊಡ್ಡವಳು, ರೆಪ್ಪೆಗೂದಲ ಮೇಲೂ ಸುಣ್ಣ. ಯಾರ ಮನೆಯ ಹುಡುಗಿ, ಎಷ್ಟು ಬುಟ್ಟಿ ಬೇಕು ಎಂದು ಕೇಳಿದಳು. ನನಗೆ ಸುಣ್ಣ ಬೇಡ, ಹೆಪ್ಪು ಬೇಕು ಅಂದೆ. ಅವಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಕೇಳಿಸಿತ್ತು. ಕೈಯಲ್ಲಿದ್ದ ಕೊಡ ಕೆಳಗಿಟ್ಟು ನನ್ನನ್ನೇ ನೋಡುತ್ತ ನಿಂತಳು.

ಅವಳ ಗುಡಿಸಲಿಗೂ ಹಲಗೆ ಇತ್ತು. ಅಂಥ ಹಲಗೆಯನ್ನು ನಾನು ಕಂಡಿರಲಿಲ್ಲ. ಅದರಲ್ಲಿ ಫ್ರಮ್ ಎಂಬ ಮಾತೇ ಇಲ್ಲ. ಯಾರಿಂದಲೂ ಏನೂ ತಂದಿಲ್ಲ. ಹೆಪ್ಪು ಹೇಗೆ ಆಗುತ್ತದೆ ಎಂಬುದನ್ನೇ ಬರೆದಿತ್ತು: ಬೆಚ್ಚನೆಯ ಹಾಲು, ಒಣಮೆಣಸಿನಕಾಯಿಯ ತೊಟ್ಟು, ಒಲೆಯ ಪಕ್ಕದಲ್ಲಿ ಒಂದು ರಾತ್ರಿ. ಮೆಣಸಿನಕಾಯಿ ತೊಟ್ಟಿನಿಂದ ಮೊಸರಾಗುವುದನ್ನು ನಾನು ಕೇಳಿಯೂ ಇರಲಿಲ್ಲ. ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದೆ.

"ಯಾರು ಹೇಳಿಕೊಡ್ತಾರೆ? ಮದ್ವೆಯಾಗಿ ಬಂದ ಹೊಸದ್ರಲ್ಲಿ ನಿಮ್ಮ ಬೀದೀಲಿ ಬಟ್ಲು ಹಿಡ್ಕಂಡು ಕೇಳ್ದೆ. ಈ ಮನೆಯವರು ಆ ಮನೆ ತೋರಿಸಿದ್ರು, ಆ ಮನೆಯವರು ಮುಂದ್ಲ ಮನೆ ತೋರಿಸಿದ್ರು. ಬೀದಿ ಮುಗೀತು. ಬಂದು ಇದ್ದದ್ದನ್ನೆಲ್ಲ ಹಾಲಿಗೆ ಹಾಕಿ ನೋಡ್ದೆ. ಕಡೀಗೆ ತೊಟ್ಟಿಗೆ ಹೆಪ್ಪಾಯ್ತು."

ಅದನ್ನು ಸಿಟ್ಟಿನಿಂದೇನೂ ಹೇಳಲಿಲ್ಲ, ದಾರಿ ಹೇಳುವವಳ ಹಾಗೆ ಹೇಳಿದಳು. ನಾನು ಮೌಲಾಬಿಯ ವಿಷಯ ಹೇಳಿದೆ, ತಿಮ್ಮಕ್ಕನ ವಿಷಯ ಹೇಳಿದೆ, ಬೀದಿಯ ಎಲ್ಲ ಮನೆಯ ಮೊಸರೂ ಅವಳದೇ ಎಂಬುದನ್ನು ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಯಾವ ಬೀದಿ ಎಂದು ಕೇಳಿದಳು. ಮತ್ತೆ ಹೇಳಿದೆ. ಆ ಮೂಲೆಯ ಮಹಡಿ ಮನೆಯವರೂವೆ ಎಂದು ಕೇಳಿದಳು. ಅವರೂ ಅಂದೆ. ಹುಲಿಗೆವ್ವ ಕಲ್ಲಿನ ಮೇಲೆ ಕೂತು ನಗತೊಡಗಿದಳು. ಮೈಯಿಂದ ಸುಣ್ಣ ಮೋಡದಂತೆ ಏಳುವವರೆಗೆ ನಕ್ಕಳು. ನಾನೂ ನಗಬೇಕೋ ಬೇಡವೋ ತಿಳಿಯದೆ ಬಟ್ಟಲು ಹಿಡಿದು ನಿಂತಿದ್ದೆ. ನಗು ನಿಂತ ಮೇಲೆ ಅವಳ ಕೆನ್ನೆಯಲ್ಲಿ ಎರಡು ಗೆರೆ ತೊಯ್ದಿದ್ದವು. ಸುಣ್ಣದ ಮೇಲೆ ನೀರು ಬಿದ್ದರೆ ಉರಿಯುತ್ತದಲ್ಲ ಎಂದು ನನಗೆ ಭಯವಾಯಿತು.

ಬಟ್ಟಲ ತುಂಬ ಹೆಪ್ಪು ಹಾಕಿಕೊಟ್ಟಳು. ಕೂಸಿನ ವಿಷಯ ಕೇಳಿದಳು, ಅಕ್ಕನಿಗೆ ಹಾಲು ಚೆನ್ನಾಗಿದೆಯಾ ಎಂದು ಕೇಳಿದಳು. ನಾನು ಹೊರಟಾಗ ಒಂದು ಮಾತು ಹೇಳಿದಳು.

"ನಿನ್ನ ಹಲಗೇಲಿ ನನ್ನ ಹೆಸರು ಬರ್ಕ. ಆದ್ರೆ ಮುಂದಕ್ಕೆ ಕೊಡ್ತೀನಿ ಅಂತ ಮಾತ್ರ ಬರೀಬ್ಯಾಡ. ಬೇಕಾದೋರು ಇಲ್ಲಿಗೇ ಬರ್ಲಿ. ನಾನೇನು ಇಲ್ಲ ಅನ್ನಲ್ಲ."

ಹೂಂ ಅಂದೆ. ಅಷ್ಟೊಂದು ಸಣ್ಣ ಮಾತಿಗೆ ಹೂಂ ಅನ್ನುವುದಕ್ಕೇನು ಅನ್ನಿಸಿತ್ತು.

ಮನೆಯಲ್ಲಿ ಅಮ್ಮ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಕೂತಿದ್ದಳು. ಕೆಂಪಾಗಿದ್ದರೆ ಕೂಸಿಗೆ ಹೆಸರಿಲ್ಲ. ಕಪ್ಪಾಗಬೇಕಾದರೆ ಹುಲಿಗೆವ್ವನ ಹೆಸರು ಹೊಸ್ತಿಲಲ್ಲೇ ಇರಬೇಕು, ಶುಕ್ರವಾರ ಬರುವ ಬೀಗರು ಕಾಲು ತೊಳೆಯುವ ಮುಂಚೆ ಅದನ್ನೇ ಓದುತ್ತಾರೆ. ಇದರಲ್ಲಿ ಯಾವುದು ಮಾನ, ಯಾವುದು ಅವಮಾನ ಎಂದು ಅವಳು ನನ್ನನ್ನು ಕೇಳಿದಳು. ನನಗೇನು ಗೊತ್ತು? ಅಪ್ಪ ಕೆಮ್ಮಿ, ಹಿತ್ತಲಿಗೆ ಹೋದ. ಇಷ್ಟು ವರ್ಷ ಉಂಡು ಅರಗಿಸಿಕೊಂಡೆವಲ್ಲ, ಇನ್ನು ಓದಿ ಅರಗಿಸಿಕೊಳ್ಳಬೇಕು, ಅಷ್ಟೇ ಎಂದಳು ಅಜ್ಜಿ. ಅಕ್ಕ ಎದ್ದು ಬಂದು ಅಮ್ಮನ ಕೈಯಿಂದ ಸೀಮೆಸುಣ್ಣ ತೆಗೆದು ನನಗೆ ಕೊಟ್ಟಳು. ನಾನು ಬರೆದೆ. ಫ್ರಮ್ ಹುಲಿಗೆವ್ವ ಇಂಪೋರ್ಟ್ ಹೆಪ್ಪು. ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಹಲಗೆ ತಣ್ಣಗೆ ಕಪ್ಪಾಯಿತು. ಗುರುವಾರ ಸಂಜೆ ಹಾಲಿಗೆ ಆ ಹೆಪ್ಪನ್ನೇ ಬಿಟ್ಟೆವು.

ಶುಕ್ರವಾರ ಬಿಸಿಲೇರುವ ಮುಂಚೆಯೇ ಬೀಗರು ಬಂದರು. ಭಾವ ಬುಟ್ಟಿ ಹೊತ್ತಿದ್ದರು. ಅವರ ಅಪ್ಪ, ಊಟದ ಕಡೆಗೆ ಮೊಸರನ್ನ ಇಲ್ಲದಿದ್ದರೆ ಎಲೆ ಮಡಿಸದ ಮನುಷ್ಯ, ಅವರ ಹಿಂದೆ. ಮುಂದೆ ಅಕ್ಕನ ಅತ್ತೆ ರುದ್ರಾಣಮ್ಮ, ಕಂಚಿ ಸೀರೆಯಲ್ಲಿ. ಹೆಸರು ಕರೆಯಬೇಕಾದವರು ಅವರೇ. ಹೊಸ್ತಿಲಲ್ಲಿ ನಿಂತರು. ಹಲಗೆ ಓದಿದರು. ಓದಿ ಮುಗಿದ ಮೇಲೂ ಓದುತ್ತ ನಿಂತರು. ಅಮ್ಮ ಕಾಲಿಗೆ ನೀರು ಹಿಡಿದು ನಿಂತಿದ್ದವಳು ಹಾಗೇ ನಿಂತಿದ್ದಳು.

ರುದ್ರಾಣಮ್ಮ ಕೂಗಾಡುತ್ತಾರೆ ಅಂದುಕೊಂಡಿದ್ದೆವು. ಅವರು ದನಿ ತಗ್ಗಿಸಿ ಬೇರೆಯೇ ವಿಷಯ ತೆಗೆದರು. ನಮ್ಮ ಪದ್ಧತಿಯಂತೆ ಅಕ್ಕ ಮದುವೆಯಾಗಿ ಹೋಗುವಾಗ ತವರಿನ ಹೆಪ್ಪು ಕೊಂಡೊಯ್ದಿದ್ದಳು, ಅವರ ಹಲಗೆಯಲ್ಲಿ ಹೆಪ್ಪಿಗೆ ನಮ್ಮ ಮನೆಯ ಹೆಸರಿದೆ. ಸೋಮವಾರದಿಂದ ಅವರದೂ ಕೆಂಪು. ಕೆಂಪು ಹಲಗೆಯ ಮನೆಯ ಮೊಸರು ಮುಟ್ಟುವುದಿಲ್ಲವೆಂದು ಅಕ್ಕನ ಮಾವನವರು ಅವತ್ತಿನಿಂದ ಅರ್ಧ ಹೊಟ್ಟೆಯಲ್ಲಿದ್ದಾರೆ. ಆದದ್ದಾಯಿತು, ಮೂಲ ಯಾರಾದರೂ ಆಗಲಿ, ನೀವು ಎರಡು ಮಾತು ಸೇರಿಸಿಬಿಡಿ, ಆಗ ನಮ್ಮ ಹಲಗೆಯಲ್ಲಿ ನಿಮ್ಮ ಹೆಸರೇ ಉಳಿಯುತ್ತದೆ, ಹಲಗೆಯೂ ಕಪ್ಪಾಗುತ್ತದೆ, ನಮ್ಮ ಬೀದಿಗೂ ಏನೂ ಗೊತ್ತಾಗುವುದಿಲ್ಲ ಎಂದು ಹೇಳಿ, ಸೀಮೆಸುಣ್ಣವನ್ನು ಅವರೇ ಎತ್ತಿ ನನ್ನ ಕೈಗಿಟ್ಟರು.

ಎರಡು ಮಾತು. ಬರೆದರೆ ಅವರು ಒಳಗೆ ಬರುತ್ತಾರೆ, ಕೂಸಿಗೆ ಹೆಸರಾಗುತ್ತದೆ. ಬರೆಯದಿದ್ದರೆ ಹಿಂದಿರುಗಿ ಹೋಗಬಹುದು, ಕರೆಯುವವರಿಲ್ಲದೆ ಹೆಸರು ಯಾರ ಬಾಯಲ್ಲಿ ಉಳಿಯಬೇಕು? ಅಮ್ಮ ನೋಡುತ್ತಿದ್ದಳು, ಭಾವ ನೋಡುತ್ತಿದ್ದರು, ಪಕ್ಕದ ಕದದ ಸಂದಿಯಿಂದ ತಿಮ್ಮಕ್ಕನ ಒಂದು ಕಣ್ಣು ನೋಡುತ್ತಿತ್ತು. ನನ್ನ ಕೈ ಹಲಗೆಯವರೆಗೆ ಹೋಯಿತು. ಅಕ್ಷರ ಮರೆತುಹೋದ ಹಾಗೆ ಅಲ್ಲೇ ನಿಂತಿತು. ಯಾವುದು ಸರಿ ಎಂದು ನನಗೆ ಆಗಲೂ ಹೊಳೆದಿರಲಿಲ್ಲ. ಬಾಯಿಗೆ ಬಂದದ್ದು ಇಷ್ಟು.

"ಅವರು ಬರೀಬ್ಯಾಡ ಅಂದವ್ರೆ. ನಾನು ಹೂಂ ಅಂದು ಬಂದಿದ್ದೀನಿ."

ಯಾರು ಎಂದು ರುದ್ರಾಣಮ್ಮ ಕೇಳಿದರು. ಹುಲಿಗೆವ್ವ ಅಂದೆ. ಬೀಗಿತ್ತಿಯ ಮಾತಿಗಿಂತ ಭಟ್ಟಿಯವಳ ಮಾತು ದೊಡ್ಡದಾಯಿತಾ ನಿಮ್ಮ ಮನೆಯಲ್ಲಿ ಎಂದು ಅವರು ಅಮ್ಮನ ಕಡೆ ತಿರುಗಿದರು. ಅಮ್ಮನ ಚೊಂಬಿನಿಂದ ನೀರು ತುಳುಕಿತು. ಉತ್ತರ ಬಂದದ್ದು ಒಳಗಿನಿಂದ, ಕೂಸನ್ನು ಹೆಗಲಿಗೆ ಹಾಕಿಕೊಂಡ ಅಕ್ಕನಿಂದ.

"ಅತ್ತೆ, ಹೆಪ್ಪು ಅವರದು. ಮಾತೂ ಅವರದೇ ತಾನೆ?"

ರುದ್ರಾಣಮ್ಮ ಕೂಸನ್ನು ನೋಡಿದರು, ಗಂಡನ ಇಳಿದ ಮುಖ ನೋಡಿದರು, ಹಲಗೆಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಭಾವನ ಬುಟ್ಟಿಗೆ ಕೈಹಾಕಿ, ಕೂಸಿಗೆಂದು ತಂದಿದ್ದ ಬೆಳ್ಳಿ ಬಟ್ಟಲನ್ನು ತೆಗೆದುಕೊಂಡು, ಭಟ್ಟಿ ಯಾವ ಕಡೆಗೆ ಎಂದು ಕೇಳಿದರು. ಬಿಳಿ ದಾರಿ ಅಂದೆ. ಹೊರಟೇಬಿಟ್ಟರು. ಭಾವ ಹಿಂದೆ ಓಡಿದ್ದಕ್ಕೆ ಕೈಸನ್ನೆಯಲ್ಲೇ ಬೇಡ ಅಂದರು. ಕಂಚಿ ಸೀರೆ ಬೀದಿಯ ತಿರುವಿನಲ್ಲಿ ಮರೆಯಾಯಿತು.

ಹೆಪ್ಪು ಕೇಳಲು ಹೋದರೋ ಜಗಳಕ್ಕೆ ಹೋದರೋ ಯಾರಿಗೂ ತಿಳಿಯದು. ಒಲೆ ಹಚ್ಚಬೇಕೋ ಬೇಡವೋ ಎಂದು ಅಮ್ಮ ಕೇಳಿದಳು, ಹಚ್ಚಿದಳು, ಆರಿಸಿದಳು, ಮತ್ತೆ ಹಚ್ಚಿದಳು. ಮಾವನವರು ಜಗಲಿಯಲ್ಲಿ ಕೂತು, ಅವಳು ಹೀಗೆ ಹೇಳದೆ ಎದ್ದುಹೋದದ್ದು ಇದೇ ಮೊದಲು ಎಂದು ಅಪ್ಪನಿಗೆ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ, ಅಲ್ಲ, ಹಿಂದೊಮ್ಮೆ ಹೋಗಿದ್ದಳು ಎಂದು ತಿದ್ದಿಕೊಂಡರು. ಅಪ್ಪ ಎರಡಕ್ಕೂ ಹೌದೌದು ಅಂದ. ಕೂಸು ಅತ್ತಿತು, ಹೆಸರಿಲ್ಲದ ಕೂಸನ್ನು ಏನೆಂದು ಕರೆದು ಸಮಾಧಾನ ಮಾಡುವುದು, ಅಕ್ಕ ಬರೀ ಬೆನ್ನು ತಟ್ಟಿದಳು. ಸೀಮೆಸುಣ್ಣ ಇನ್ನೂ ನನ್ನ ಕೈಯಲ್ಲಿತ್ತು. ಬೆವರಿಗೆ ಅದು ಮೆತ್ತಗಾಗಿತ್ತು. ಆ ಎರಡು ಮಾತು ಬರೆದಿದ್ದರೆ ಏನಾಗುತ್ತಿತ್ತು, ನಾನೇ ಕೂಸಿನ ಹೆಸರು ಕಳೆದೆನೇನೋ ಎಂದು ಹಲಗೆಯ ಕಡೆಗೇ ನೋಡುತ್ತಿದ್ದೆ.

ರುದ್ರಾಣಮ್ಮ ಬಂದಾಗ ಎಲೆ ಹಾಕುವ ಹೊತ್ತು ಮೀರಿತ್ತು. ಮೊದಲು ನನಗೆ ಗುರುತೇ ಸಿಗಲಿಲ್ಲ. ಸೀರೆಯ ಬಣ್ಣ ತಿಳಿಯುತ್ತಿರಲಿಲ್ಲ, ಹುಬ್ಬು ಬಿಳಿ, ಮೂಗುತಿ ಬಿಳಿ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಸೆರಗು ಮುಚ್ಚಿದ್ದರು. ಅಮ್ಮ ಕಾಲಿಗೆ ನೀರು ಹಾಕಿದರೆ ಅಂಗಳದಲ್ಲಿ ಹಾಲಿನಂಥ ನೀರು ಹರಿಯಿತು. ಬಟ್ಟಲನ್ನು ಗಂಡನ ಪಕ್ಕ ಇಟ್ಟು, ಇದನ್ನು ಚೆಲ್ಲದ ಹಾಗೆ ನೋಡಿಕೊಳ್ಳಿ, ಮನೆಗೆ ಹೋದ ಮೇಲೆ ಹಲಗೆಯಲ್ಲಿ ಏನು ಬರೆಯಬೇಕೆಂದು ಹೇಳುತ್ತೇನೆ ಎಂದರು. ಮಾವನವರು ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಂಡರು.

ರುದ್ರಾಣಮ್ಮ ತೊಟ್ಟಿಲ ಹತ್ತಿರ ಬಂದು ಕೂತರು. ಅಕ್ಕನಿಗೆ ಮಾತ್ರ ಕೇಳಲಿ ಎಂಬಂತೆ ಮೆಲ್ಲಗೆ, ಆದರೆ ನಮಗೆಲ್ಲ ಕೇಳಿಸುವ ಹಾಗೆ ಹೇಳಿದರು.

"ಕುಡಿಯಾಕೆ ಮಜ್ಜಿಗೆ ಕೊಟ್ಲು. ಕುಡ್ದೆ. ಮೊಮ್ಮಗಳ ಹೆಸರೇನು ಅಂತ ಕೇಳಿದ್ಲು ಕಣೆ ನೀಲ. ಇನ್ನೂ ಇಟ್ಟಿಲ್ಲ ಅನ್ನಬೇಕಿತ್ತು, ನಾನು ಹೇಳಿಬಿಟ್ಟೆ. ಕೂಸಿಗಿಂತ ಮೊದ್ಲು ಅವಳಿಗೇ ಗೊತ್ತಾಗೋಯ್ತು."

ತಪ್ಪಾಯಿತೇನೋ ಎಂದು ಕೇಳುವವರ ಹಾಗೆ ಸೊಸೆಯ ಮುಖ ನೋಡಿದರು. ಅಕ್ಕ ಮೊಸರಿನ ಪಾತ್ರೆಯನ್ನು ಅವರ ಕಡೆ ಸರಿಸಿದಳು. ರುದ್ರಾಣಮ್ಮ ಬೆರಳದ್ದಿ ಕೂಸಿನ ನಾಲಿಗೆಗೆ ಸೋಕಿಸಿದರು. ಕೂಸು ಹುಳಿಗೆ ಮುಖ ಕಿವುಚಿ, ಚಪ್ಪರಿಸಿ, ಮತ್ತೆ ಬಾಯಿ ತೆರೆಯಿತು. ಅವರು ಬಗ್ಗಿ ಅದರ ಕಿವಿಯ ಹತ್ತಿರ ತುಟಿ ತಂದು, ಚಂದ್ರಲಾ, ಅಂದರು.